ಮೆಜೆಸ್ಟಿಕ್‌ನಲ್ಲಿ ರೈಲು, ಮೆಟ್ರೋ, ಬಸ್ಸು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿಗೆ ಹೊಸದಾಗಿ ಬರುವವರು ಕೇಳುವ ಪ್ರಶ್ನೆಗಳು ಇವು. ಇಲ್ಲೇ ಹತ್ತಾರು ವರ್ಷ ಇದ್ದವರೂ ಕೇಳುತ್ತಾರೆ. ಮೆಜೆಸ್ಟಿಕ್‌ನಲ್ಲಿ ರೈಲು, ಮೆಟ್ರೋ, ಸಿಟಿ ಬಸ್ಸು, ಊರಿನ ಬಸ್ಸು ಎಲ್ಲವೂ ಅಕ್ಕಪಕ್ಕದಲ್ಲೇ ಸಿಗುತ್ತವೆ. ಆದರೆ ಯಾವ ಬಾಗಿಲಿಂದ ಹೊರಗೆ ಬರಬೇಕು ಅನ್ನೋದು ಗೊತ್ತಿದ್ದರೆ ಮಾತ್ರ ಅದು ಹತ್ತಿರ. ಗೊತ್ತಿಲ್ಲದಿದ್ದರೆ ಲಗೇಜು ಹೊತ್ತು ಒಂದು ಸುತ್ತು ಹಾಕಿಯೇ ತೀರಬೇಕು.

ಮೆಜೆಸ್ಟಿಕ್ ಅಂದರೆ ನಿಜವಾಗಿ ಯಾವ ಜಾಗ?

ಅದು ಒಂದು ಕಟ್ಟಡದ ಹೆಸರಲ್ಲ, ಇಡೀ ಪ್ರದೇಶದ ಹೆಸರು. ಇಲ್ಲಿದ್ದ ಮೆಜೆಸ್ಟಿಕ್ ಚಿತ್ರಮಂದಿರದಿಂದ ಆ ಹೆಸರು ಬಂತು. ಚಿತ್ರಮಂದಿರ ಹೋಯಿತು, ಹೆಸರು ಉಳಿಯಿತು. ಅದಕ್ಕೂ ಮುಂಚೆ ಇಲ್ಲಿ ಧರ್ಮಾಂಬುಧಿ ಕೆರೆ ಇತ್ತು. ಇವತ್ತು ಬಸ್ಸುಗಳು ನಿಲ್ಲುವುದು ಆ ಕೆರೆಯ ಅಂಗಳದಲ್ಲಿ.

ಪ್ರಯಾಣಿಕರ ಲೆಕ್ಕದಲ್ಲಿ ಮೆಜೆಸ್ಟಿಕ್ ಅಂದರೆ ನಾಲ್ಕು ಜಾಗ. ಒಂದು, ಕೆಎಸ್‌ಆರ್ (ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ) ಬೆಂಗಳೂರು ರೈಲು ನಿಲ್ದಾಣ, ಹಳಬರ ಬಾಯಲ್ಲಿ ಸಿಟಿ ಸ್ಟೇಷನ್. ಎರಡು, ಬಿಎಂಟಿಸಿಯ ಸಿಟಿ ಬಸ್ಸುಗಳು ಹೊರಡುವ ಕೆಂಪೇಗೌಡ ಬಸ್ ನಿಲ್ದಾಣ. ಮೂರು, ಕೆಎಸ್‌ಆರ್‌ಟಿಸಿ ನಿಲ್ದಾಣ, ಅಂದರೆ ಊರುಗಳಿಗೆ ಹೋಗುವ ಬಸ್ಸು. ನಾಲ್ಕು, ಬಸ್ ನಿಲ್ದಾಣಗಳ ಮಗ್ಗುಲಲ್ಲೇ ನೆಲದಡಿಯಲ್ಲಿರುವ ನಾಡಪ್ರಭು ಕೆಂಪೇಗೌಡ ಮೆಟ್ರೋ ನಿಲ್ದಾಣ.

ಹೆಸರುಗಳೆಲ್ಲ ಒಂದೇ ಥರ ಇವೆಯಲ್ಲ, ಹೇಗೆ ಗುರುತಿಡುವುದು?

ಜನ ರೈಲು, ಬಸ್ಸು ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಇದರಿಂದಲೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕೆಂಪೇಗೌಡರ ಹೆಸರು ಮೂರು ಕಡೆ ಇದೆ: ಬಸ್ ನಿಲ್ದಾಣ, ಮೆಟ್ರೋ ನಿಲ್ದಾಣ ಮತ್ತು ವಿಮಾನ ನಿಲ್ದಾಣ. ಮೊದಲ ಎರಡು ಮೆಜೆಸ್ಟಿಕ್‌ನಲ್ಲಿವೆ. ಮೂರನೆಯದು ದೇವನಹಳ್ಳಿ ಹತ್ತಿರ. ಆಟೋದವರಿಗೆ "ಕೆಂಪೇಗೌಡ" ಅಂತ ಮಾತ್ರ ಹೇಳಬೇಡಿ. "ಮೆಜೆಸ್ಟಿಕ್" ಅನ್ನಿ, ಗೊಂದಲವೇ ಇರುವುದಿಲ್ಲ.

ಸರ್ ಎಂ. ವಿಶ್ವೇಶ್ವರಯ್ಯ ಅವರ ಹೆಸರು ಎರಡು ಕಡೆ ಇದೆ. ಮೆಜೆಸ್ಟಿಕ್‌ನಿಂದ ನೇರಳೆ ಮಾರ್ಗದಲ್ಲಿ ಪೂರ್ವಕ್ಕೆ ಹೊರಟರೆ ಸಿಗುವ ಮೊದಲ ಮೆಟ್ರೋ ನಿಲ್ದಾಣ ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣ, ಸೆಂಟ್ರಲ್ ಕಾಲೇಜು. ಅಲ್ಲಿ ದೂರದ ಊರಿನ ರೈಲು ಬರುವುದಿಲ್ಲ. ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಅನ್ನುವ ರೈಲು ನಿಲ್ದಾಣ ಇರುವುದು ಬೈಯಪ್ಪನಹಳ್ಳಿ ಕಡೆ. ಟರ್ಮಿನಲ್‌ನಿಂದ ರೈಲು ಹಿಡಿಯಬೇಕಾದವರು ಹೆಸರು ಕೇಳಿ ಸೆಂಟ್ರಲ್ ಕಾಲೇಜಿನಲ್ಲಿ ಇಳಿದುಬಿಟ್ಟರೆ ರೈಲು ಕೈತಪ್ಪುವುದು ಖಂಡಿತ. ಮನೆಯ ಹಿರಿಯರನ್ನು ಕಳಿಸುವಾಗ ಈ ಒಂದು ಮಾತನ್ನು ದಯವಿಟ್ಟು ಎರಡು ಸಲ ಹೇಳಿ.

ಬಸ್ಸಿನ ಬೋರ್ಡಿನಲ್ಲಿ ಕೆ.ಬಿ.ಎಸ್. ಅಂತ ಇದ್ದರೆ ಕೆಂಪೇಗೌಡ ಬಸ್ ನಿಲ್ದಾಣ, ಅಂದರೆ ಮೆಜೆಸ್ಟಿಕ್. ಕೆ.ಆರ್. ಮಾರ್ಕೆಟ್ ಬೇರೆ ಜಾಗ. ಹಸಿರು ಮಾರ್ಗದ ಮೆಟ್ರೋದಲ್ಲಿ ಹೋದರೆ ಮೆಜೆಸ್ಟಿಕ್ ಆದ ಮೇಲೆ ಚಿಕ್ಕಪೇಟೆ, ಅದಾದ ಮೇಲೆ ಮಾರ್ಕೆಟ್.

ರೈಲಿನಿಂದ ಇಳಿದೆ. ಮೆಟ್ರೋಗೆ ಯಾವ ಕಡೆ ಹೋಗಲಿ?

ಮೊದಲು ನೀವು ಯಾವ ಪ್ಲಾಟ್‌ಫಾರ್ಮ್‌ನಲ್ಲಿ ಇಳಿದಿದ್ದೀರಿ ನೋಡಿಕೊಳ್ಳಿ. ನಿಲ್ದಾಣದಲ್ಲಿ 10 ಪ್ಲಾಟ್‌ಫಾರ್ಮ್ ಇವೆ. 1ನೇ ಪ್ಲಾಟ್‌ಫಾರ್ಮ್ ಕಡೆ ಮುಂಬಾಗಿಲು. ಅದು ಬಸ್ ನಿಲ್ದಾಣದ ಕಡೆಗೆ ಮುಖ ಮಾಡಿದೆ. 10ನೇ ಪ್ಲಾಟ್‌ಫಾರ್ಮ್ ಕಡೆ ಹಿಂಬಾಗಿಲು. ಅದು ಓಕಳಿಪುರಂ, ಮಾಗಡಿ ರಸ್ತೆಯ ಕಡೆಗೆ.

ಈ ಒಂದು ರೈಲು ನಿಲ್ದಾಣಕ್ಕೆ ಎರಡು ಮೆಟ್ರೋ ನಿಲ್ದಾಣ ಹತ್ತಿರ. ಮುಂಬಾಗಿಲಿಂದ ಬಂದರೆ ಮೆಜೆಸ್ಟಿಕ್ ಮೆಟ್ರೋ. ಅಲ್ಲಿ ನೇರಳೆ ಮಾರ್ಗವೂ ಇದೆ, ಹಸಿರು ಮಾರ್ಗವೂ ಇದೆ. ಹಿಂಬಾಗಿಲ ಕಡೆ ಇರುವುದು ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣ ಅನ್ನುವ ಹೆಸರಿನ ಮೆಟ್ರೋ ನಿಲ್ದಾಣ. ಅಲ್ಲಿ ನೇರಳೆ ಮಾತ್ರ.

ವಿಜಯನಗರ, ಕೆಂಗೇರಿ, ಎಂ.ಜಿ. ರಸ್ತೆ, ಇಂದಿರಾನಗರ, ವೈಟ್‌ಫೀಲ್ಡ್ ಕಡೆ ಹೋಗುವವರು 8, 9, 10ರಲ್ಲಿ ಇಳಿದಿದ್ದರೆ ಹಿಂಬಾಗಿಲೇ ಸಲೀಸು. ಜಯನಗರ, ಬನಶಂಕರಿ, ರಾಜಾಜಿನಗರ, ಯಶವಂತಪುರದ ಕಡೆಯವರು ಮುಂಬಾಗಿಲಿಂದಲೇ ಬನ್ನಿ. ಹಿಂದಿನಿಂದ ಹೊರಟರೂ ನಷ್ಟವೇನಿಲ್ಲ. ಒಂದು ನಿಲ್ದಾಣ ನೇರಳೆಯಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಹಸಿರಿಗೆ ಬದಲಾಯಿಸಿದರೆ ಆಯಿತು.

ರೈಲು ನಿಲ್ದಾಣದಿಂದ ಬಸ್ ನಿಲ್ದಾಣಕ್ಕೆ ರಸ್ತೆ ದಾಟಲೇಬೇಕಾ?

ಬೇಡ. ದಯವಿಟ್ಟು ಮೇಲಿಂದ ದಾಟಬೇಡಿ. ಮುಂಬಾಗಿಲ ಎದುರಿನ ರಸ್ತೆಯ ಕೆಳಗೆ ಪಾದಚಾರಿ ಸಬ್‌ವೇ ಇದೆ. ಇಳಿದು ಆ ಕಡೆ ಹತ್ತಿದರೆ ಬಸ್ ನಿಲ್ದಾಣ. ಸಂಜೆ ಹೊತ್ತು ಒಳಗೆ ವಿಪರೀತ ಜನ. ಆಗ ಬ್ಯಾಗನ್ನು ಬೆನ್ನಿನಿಂದ ತೆಗೆದು ಎದೆಗೆ ಹಾಕಿಕೊಳ್ಳಿ, ಫೋನು ಒಳಗಿನ ಜೇಬಿನಲ್ಲಿರಲಿ.

ಕಷ್ಟ ಏನಂದರೆ ಇಲ್ಲಿ ಮೆಟ್ಟಿಲು ಜಾಸ್ತಿ. ಚಕ್ರದ ಸೂಟ್‌ಕೇಸನ್ನು ಪ್ರತಿ ಮೆಟ್ಟಿಲಿಗೂ ಎತ್ತಿ ಇಳಿಸಬೇಕು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಚೀಲ ಹಿಡಿದ ತಾಯಂದಿರು ಮೆಟ್ಟಿಲ ಬಾಯಲ್ಲಿ ಒಂದು ಕ್ಷಣ ನಿಂತು, ಸೆರಗು ಸರಿ ಮಾಡಿಕೊಂಡು ಇಳಿಯುವುದನ್ನು ಯಾವ ಹೊತ್ತಿನಲ್ಲಿ ಹೋದರೂ ನೋಡಬಹುದು. ರೈಲಿಗೆ, ಮೆಟ್ರೋಗೆ ಇಷ್ಟೆಲ್ಲ ಖರ್ಚು ಮಾಡಿದ ಊರು ಇವೆರಡರ ನಡುವಿನ ನಾಲ್ಕು ಹೆಜ್ಜೆಗೂ ಅಷ್ಟೇ ಗಮನ ಕೊಡಬೇಕು. ಅದು ನನ್ನ ಗಟ್ಟಿ ಅಭಿಪ್ರಾಯ. ಇಳಿಜಾರು ದಾರಿ, ಲಿಫ್ಟು, ಎದ್ದು ಕಾಣುವ ಕನ್ನಡದ ಬೋರ್ಡು ಇದ್ದರೆ ಅರ್ಧ ತೊಂದರೆ ಹೋಗುತ್ತದೆ.

ಅಂದ ಹಾಗೆ, ಈ ರಸ್ತೆಗೆ ಗುಬ್ಬಿ ತೋಟದಪ್ಪನವರ ಹೆಸರಿದೆ. ದೂರದಿಂದ ಬಂದವರಿಗೆ ತಂಗಲು ಜಾಗ ಬೇಕು ಅಂತ ಅವರು ರೈಲು ನಿಲ್ದಾಣದ ಎದುರೇ ಛತ್ರ ಕಟ್ಟಿಸಿದರು. ಅದು ಶುರುವಾದದ್ದು 1903ರಲ್ಲಿ. ಪ್ರಯಾಣಿಕರ ಕಷ್ಟವನ್ನು ಅಷ್ಟು ಹಿಂದೆಯೇ ಯೋಚಿಸಿದವರು ಅವರು.

ಮೆಟ್ರೋದಲ್ಲಿ ನೇರಳೆಯಿಂದ ಹಸಿರಿಗೆ ಬದಲಾಯಿಸಲು ಹೊರಗೆ ಬರಬೇಕಾ?

ಬೇಡ. ಟಿಕೆಟ್ಟೂ ಒಂದೇ. ಎರಡು ಮಾರ್ಗಗಳು ನೆಲದಡಿ ಒಂದರ ಮೇಲೊಂದು ಹಾದುಹೋಗುತ್ತವೆ. ಎಸ್ಕಲೇಟರ್ ಅಥವಾ ಲಿಫ್ಟಿನಲ್ಲಿ ಬೇರೆ ಮಟ್ಟಕ್ಕೆ ಹೋದರಾಯಿತು. ನೇರಳೆ, ಹಸಿರು ಬಣ್ಣದ ಬೋರ್ಡು ನೋಡಿಕೊಂಡು ನಡೆಯಿರಿ. ಜನ ಹೋಗುವ ಕಡೆ ಸುಮ್ನೆ ಹಿಂಬಾಲಿಸಬೇಡಿ, ಅವರು ಹೊರಗೆ ಹೋಗುತ್ತಿರಬಹುದು. ಗೇಟಿಗೆ ಕಾರ್ಡ್ ತೋರಿಸಿ ಹೊರಗೆ ಬಂದುಬಿಟ್ಟರೆ ಮತ್ತೆ ಹೊಸ ಪ್ರಯಾಣದ ದುಡ್ಡು.

ನಿಲ್ದಾಣದ ಹೆಸರಿಗಿಂತ ಕೊನೆಯ ನಿಲ್ದಾಣದ ಹೆಸರು ನೆನಪಿಡಿ. ನೇರಳೆ: ಒಂದು ತುದಿ ವೈಟ್‌ಫೀಲ್ಡ್ (ಕಾಡುಗೋಡಿ), ಇನ್ನೊಂದು ತುದಿ ಚಲ್ಲಘಟ್ಟ. ಹಸಿರು: ಒಂದು ತುದಿ ಮಾದಾವರ, ಇನ್ನೊಂದು ರೇಷ್ಮೆ ಸಂಸ್ಥೆ. ಪ್ಲಾಟ್‌ಫಾರ್ಮ್‌ನಲ್ಲಿ ಬರೆದಿರುವುದೂ, ಧ್ವನಿಯಲ್ಲಿ ಹೇಳುವುದೂ ಆ ಹೆಸರನ್ನೇ.

ಎಲೆಕ್ಟ್ರಾನಿಕ್ ಸಿಟಿಗೆ ಮೆಟ್ರೋದಲ್ಲೇ ಹೋಗಬಹುದಾ?

ಹೋಗಬಹುದು. ಮೆಜೆಸ್ಟಿಕ್‌ನಲ್ಲಿ ರೇಷ್ಮೆ ಸಂಸ್ಥೆ ಕಡೆಯ ಹಸಿರು ರೈಲು ಹತ್ತಿ, ಆರ್.ವಿ. ರಸ್ತೆಯಲ್ಲಿ ಇಳಿದು, ಹಳದಿ ಮಾರ್ಗಕ್ಕೆ ಬದಲಾಯಿಸಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಈ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬಸ್ಸಿನೊಳಗೆ ಕೂತು ಬೆವರಿದವರಿಗೆ ಇದರ ಬೆಲೆ ಗೊತ್ತು.

ಹಸಿರು ಮಾರ್ಗದ ರೇಷ್ಮೆ ಸಂಸ್ಥೆ ಬೇರೆ, ಹಳದಿ ಮಾರ್ಗದ ಸಿಲ್ಕ್ ಬೋರ್ಡ್ ಬೇರೆ. ಮೊದಲನೆಯದು ಕನಕಪುರ ರಸ್ತೆಯಲ್ಲಿದೆ, ಎರಡನೆಯದು ಹೊಸೂರು ರಸ್ತೆಯ ಕಡೆ.

ಬೆಳಗಿನ ಜಾವ ಬಂದಿಳಿದರೆ ಮೆಟ್ರೋ ಇರುತ್ತದಾ? ರಾತ್ರಿ ಎಷ್ಟು ಹೊತ್ತಿನವರೆಗೆ?

ಸಾಮಾನ್ಯ ದಿನ ಬೆಳಗ್ಗೆ 5ಕ್ಕೆ ಶುರು. ಭಾನುವಾರ 7ಕ್ಕೆ. ಸೋಮವಾರ ಮಾತ್ರ 4:15ಕ್ಕೇ ಶುರುವಾಗುತ್ತದೆ. 2025ರ ಜನವರಿಯಲ್ಲಿ ಬಂದ ಈ ಬದಲಾವಣೆ ನನಗೆ ತುಂಬಾ ಇಷ್ಟ, ಯಾಕೆಂದರೆ ಇದು ಪ್ರಯಾಣಿಕರನ್ನು ನೋಡಿ ಮಾಡಿದ್ದು. ವಾರದ ಕೊನೆಗೆ ಊರಿಗೆ ಹೋದವರು ಭಾನುವಾರ ರಾತ್ರಿಯ ಬಸ್ಸು, ರೈಲು ಹಿಡಿದು ಸೋಮವಾರ ನಸುಕಿಗೆ ಮೆಜೆಸ್ಟಿಕ್‌ನಲ್ಲಿ ಇಳಿಯುತ್ತಾರೆ. ಆ ಹೊತ್ತಿನ ಮೆಟ್ರೋದಲ್ಲಿ ಲ್ಯಾಪ್‌ಟಾಪ್ ಬ್ಯಾಗಿನ ಪಕ್ಕ ಅಮ್ಮ ಕಟ್ಟಿಕೊಟ್ಟ ರೊಟ್ಟಿ, ಚಟ್ನಿಪುಡಿ ಡಬ್ಬಿ, ಗೋಣಿಚೀಲದಲ್ಲಿ ತೆಂಗಿನಕಾಯಿ ಎಲ್ಲ ಕಾಣುತ್ತವೆ. ಎಲ್ಲರಿಗೂ ನಿದ್ದೆಗಣ್ಣು. ಮನೆಗೆ ಹೋಗಿ ಸ್ನಾನ ಮಾಡಿ ಒಂಬತ್ತಕ್ಕೆ ಆಫೀಸಿಗೆ ಹೊರಡಬೇಕು. ಮುಕ್ಕಾಲು ಗಂಟೆ ಮುಂಚೆ ಮೆಟ್ರೋ ಸಿಕ್ಕರೆ ಅದೆಷ್ಟು ನೆಮ್ಮದಿ ಅಲ್ವಾ!

ರಾತ್ರಿ ಮೆಜೆಸ್ಟಿಕ್‌ನಿಂದ ನಾಲ್ಕೂ ದಿಕ್ಕಿಗೆ ಕೊನೆಯ ರೈಲು ಸುಮಾರು 11:30ಕ್ಕೆ. ಬೇರೆ ನಿಲ್ದಾಣಗಳಲ್ಲಿ ಇನ್ನೂ ಬೇಗ. ಹಬ್ಬ, ಪರೀಕ್ಷೆ, ದುರಸ್ತಿ ಕೆಲಸ ಇದ್ದ ದಿನ ಸಮಯ ಬದಲಾಗುವುದರಿಂದ ಹೊರಡುವ ಮುಂಚೆ ನಮ್ಮ ಮೆಟ್ರೋ ಆ್ಯಪ್ ನೋಡಿ.

ರೈಲು, ಮೆಟ್ರೋ, ಬಸ್ಸು ಮೂರಕ್ಕೂ ಒಂದೇ ಟಿಕೆಟ್ ಸಿಗುತ್ತದಾ?

ಇಲ್ಲ. ಮೂರಕ್ಕೂ ಬೇರೆ ಬೇರೆ ಟಿಕೆಟ್ ತೆಗೆದುಕೊಳ್ಳಬೇಕು. ಒಂದೇ ಜಾಗದಲ್ಲಿ ಮೂರು ಸಲ ದುಡ್ಡು ಕೊಡಬೇಕಾಗಿ ಬರುವುದು ಬೇಸರದ ವಿಷಯವೇ.

ಮೆಟ್ರೋಗೆ ಸ್ಮಾರ್ಟ್ ಕಾರ್ಡ್, ಎನ್‌ಸಿಎಂಸಿ (ನ್ಯಾಷನಲ್ ಕಾಮನ್ ಮೊಬಿಲಿಟಿ) ಕಾರ್ಡ್, ಫೋನಿನ ಕ್ಯೂಆರ್ ಟಿಕೆಟ್ ನಡೆಯುತ್ತದೆ. ಕ್ಯೂಆರ್ ಟಿಕೆಟನ್ನು ನಮ್ಮ ಮೆಟ್ರೋ ಆ್ಯಪ್‌ನಲ್ಲೂ ವಾಟ್ಸ್‌ಆ್ಯಪ್‌ನಲ್ಲೂ ತೆಗೆಯಬಹುದು. 2025ರ ಫೆಬ್ರವರಿ 9ರ ಪರಿಷ್ಕರಣೆಯಲ್ಲಿ ಕನಿಷ್ಠ ದರ ₹10, ಗರಿಷ್ಠ ₹90 ಆಯಿತು. ದಿನಾ ಓಡಾಡುವವರು ಸ್ಮಾರ್ಟ್ ಕಾರ್ಡ್ ಮಾಡಿಸಿ, ರಿಯಾಯಿತಿ ಸಿಗುತ್ತದೆ. ಬೆಳಗ್ಗೆ ಮೆಜೆಸ್ಟಿಕ್‌ನ ಕೌಂಟರಿನ ಸಾಲಿನಲ್ಲಿ ನಿಲ್ಲುವುದೂ ತಪ್ಪುತ್ತದೆ.

ಬಿಎಂಟಿಸಿ ಬಸ್ಸಿನಲ್ಲಿ ಚಿಲ್ಲರೆ ಇಲ್ಲದಿದ್ದರೆ ಯುಪಿಐ ಬಳಸಿ, ಕಂಡಕ್ಟರ್ ಹತ್ತಿರ ಕ್ಯೂಆರ್ ಇರುತ್ತದೆ. ಒಂದೇ ದಿನ ನಾಲ್ಕಾರು ಕಡೆ ಓಡಾಡುವುದಿದ್ದರೆ ದಿನದ ಪಾಸು ಲಾಭ. ರಿಸರ್ವೇಷನ್ ಬೇಡದ ರೈಲು ಟಿಕೆಟ್ಟಿಗೆ ರೈಲ್‌ಒನ್ ಆ್ಯಪ್ ಇದೆ. ಯಾರನ್ನಾದರೂ ಬಿಡಲು ಹೋಗುವವರು ₹10ರ ಪ್ಲಾಟ್‌ಫಾರ್ಮ್ ಟಿಕೆಟ್ ಮರೆಯಬೇಡಿ.

ಶಕ್ತಿ ಯೋಜನೆಯ ಉಚಿತ ಪ್ರಯಾಣ ಇಲ್ಲಿ ಯಾವುದಕ್ಕೆಲ್ಲ ಅನ್ವಯ?

ಕರ್ನಾಟಕದ ಹೆಣ್ಣುಮಕ್ಕಳಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲೂ, ರಾಜ್ಯದೊಳಗಿನ ಸಾಮಾನ್ಯ ಮತ್ತು ವೇಗದೂತ ಸಾರಿಗೆ ಬಸ್ಸಿನಲ್ಲೂ ಉಚಿತ. ಇದು 2023ರ ಜೂನ್ 11ರಿಂದ ಜಾರಿಯಲ್ಲಿದೆ. ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಳ್ಳಲೇಬೇಕು. ಎ.ಸಿ. ಬಸ್ಸು, ರಾಜಹಂಸ, ಸ್ಲೀಪರ್, ವಿಮಾನ ನಿಲ್ದಾಣದ ವಾಯುವಜ್ರಕ್ಕೆ ಇಲ್ಲ. ಮೆಟ್ರೋಗೂ ರೈಲಿಗೂ ಇಲ್ಲ.

ನನ್ನ ರೈಲು ನಿಜವಾಗಿ ಮೆಜೆಸ್ಟಿಕ್‌ನಿಂದಲೇ ಹೊರಡುತ್ತದಾ?

ಟಿಕೆಟ್ಟಿನ ಮೇಲಿನ ಕೋಡ್ ನೋಡಿ. ಎಸ್‌ಬಿಸಿ ಅಂದರೆ ಮೆಜೆಸ್ಟಿಕ್‌ನ ಕೆಎಸ್‌ಆರ್ ಬೆಂಗಳೂರು. ವೈಪಿಆರ್ ಅಂದರೆ ಯಶವಂತಪುರ. ಎಸ್‌ಎಂವಿಬಿ ಅಂದರೆ ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್. ಬಿಎನ್‌ಸಿ ಅಂದರೆ ದಂಡು, ಅಂದರೆ ಕಂಟೋನ್ಮೆಂಟ್. ಬೆಂಗಳೂರಿಗೆ ರೈಲು ಮೊದಲು ಬಂದದ್ದು ಈ ದಂಡು ನಿಲ್ದಾಣಕ್ಕೆ, 1864ರಲ್ಲಿ.

ವಿಶ್ವೇಶ್ವರಯ್ಯ ಟರ್ಮಿನಲ್ 2022ರಲ್ಲಿ ಶುರುವಾದ ಮೇಲೆ ಹಲವು ರೈಲುಗಳು ಅಲ್ಲಿಂದ ಹೊರಡುತ್ತವೆ. "ಹೋದ ಸಲ ಸಿಟಿ ಸ್ಟೇಷನ್ನಿಂದಲೇ ಹೋಗಿದ್ವಿ" ಅಂತ ನಂಬಿ ಬರಬೇಡಿ. ಮೆಜೆಸ್ಟಿಕ್‌ನಿಂದ ಆ ಟರ್ಮಿನಲ್‌ಗೆ ನೇರ ಮೆಟ್ರೋ ಇಲ್ಲ. ನೇರಳೆ ಮಾರ್ಗದಲ್ಲಿ ಬೈಯಪ್ಪನಹಳ್ಳಿಗೆ ಹೋಗಿ ಅಲ್ಲಿಂದ ಬಸ್ಸು ಅಥವಾ ಆಟೋ ಹಿಡಿಯಬೇಕು. ಅದಕ್ಕೆ ಬೇರೆಯೇ ಸಮಯ ಇಟ್ಟುಕೊಳ್ಳಿ.

ಎಲ್ಲದಕ್ಕೂ ಮೆಜೆಸ್ಟಿಕ್‌ಗೇ ಬರಬೇಕಾ?

ಖಂಡಿತ ಬೇಡ. ನಾನು ಎಲ್ಲರಿಗೂ ಹೇಳುವ ಮಾತು ಇದೇ: ಮೆಜೆಸ್ಟಿಕ್‌ಗೆ ಬರದೆ ಆಗುವ ಕೆಲಸಕ್ಕೆ ಮೆಜೆಸ್ಟಿಕ್‌ಗೆ ಬರಬೇಡಿ. ಹಳೆಯ ಅಭ್ಯಾಸದಿಂದ ಎಲ್ಲರೂ ಇಲ್ಲೇ ಇಳಿಯುತ್ತಾರೆ, ಆಮೇಲೆ ಬಂದ ದಾರಿಯಲ್ಲೇ ಅರ್ಧ ವಾಪಸ್ ಹೋಗುತ್ತಾರೆ.

ಹುಬ್ಬಳ್ಳಿ, ಅರಸೀಕೆರೆ, ತುಮಕೂರು ಕಡೆಯಿಂದ ರೈಲಿನಲ್ಲಿ ಬರುವವರು ನಿಮ್ಮ ರೈಲು ಯಶವಂತಪುರದಲ್ಲಿ ನಿಲ್ಲುತ್ತದಾ ನೋಡಿ. ರಾಜಾಜಿನಗರ, ಪೀಣ್ಯ, ದಾಸರಹಳ್ಳಿ ಕಡೆ ಮನೆ ಇದ್ದರೆ ಅಲ್ಲೇ ಇಳಿದು ಹಸಿರು ಮೆಟ್ರೋ ಹಿಡಿಯಿರಿ. ಚೆನ್ನೈ ಕಡೆಯಿಂದ ಬರುವವರಿಗೆ ವೈಟ್‌ಫೀಲ್ಡ್ ಮತ್ತು ಕೃಷ್ಣರಾಜಪುರದಲ್ಲಿ ರೈಲು ನಿಲ್ದಾಣದ ಹತ್ತಿರವೇ ನೇರಳೆ ಮೆಟ್ರೋ ಇದೆ. ಮಾರತ್‌ಹಳ್ಳಿ, ಹೂಡಿ ಕಡೆಯವರು ಮೆಜೆಸ್ಟಿಕ್‌ವರೆಗೆ ಬಂದು ಮತ್ತೆ ಹಿಂದಕ್ಕೆ ಹೋಗುವುದು ಸುಮ್ನೆ ದಣಿವು.

ಮೈಸೂರು ಕಡೆಯ ಬಸ್ಸುಗಳು ಹೆಚ್ಚಾಗಿ ಹೊರಡುವುದು ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದ. ತಮಿಳುನಾಡಿನ ಬಹಳಷ್ಟು ಬಸ್ಸುಗಳಿಗೆ ಶಾಂತಿನಗರ. ಖಾಸಗಿ ಬಸ್ಸುಗಳಿಗೆ ಆನಂದರಾವ್ ವೃತ್ತ ಅಥವಾ ಕಲಾಸಿಪಾಳ್ಯ. ಆನಂದರಾವ್ ವೃತ್ತ ಮೆಜೆಸ್ಟಿಕ್‌ಗೆ ಹತ್ತಿರ, ಆದರೆ ಅದೇ ಜಾಗ ಅಲ್ಲ.

ಕೆಎಸ್‌ಆರ್‌ಟಿಸಿ ಬಸ್ಸು ಯಾವ ಟರ್ಮಿನಲ್‌ನಲ್ಲಿ ನಿಲ್ಲುತ್ತದೆ?

ಟರ್ಮಿನಲ್‌ಗಳು ಒಂದಕ್ಕಿಂತ ಹೆಚ್ಚು ಇವೆ, ಊರಿನ ದಿಕ್ಕಿಗೆ ತಕ್ಕಂತೆ ಬಸ್ಸು ನಿಲ್ಲುತ್ತದೆ. ಮುಂಗಡ ಬುಕ್ ಮಾಡಿದ್ದರೆ ಹತ್ತುವ ಜಾಗ ಟಿಕೆಟ್ಟಿನಲ್ಲೇ ಇರುತ್ತದೆ. ಇಲ್ಲದಿದ್ದರೆ ವಿಚಾರಣೆ ಕೌಂಟರಿನಲ್ಲಿ ಕೇಳಿ. ಸಿಟಿ ಬಸ್ಸಿನ ಕಡೆ ನಿಂತು ಊರಿನ ಬಸ್ಸಿಗೆ ಕಾಯಬೇಡಿ. ಶುಕ್ರವಾರ ಸಂಜೆ, ಗೌರಿ-ಗಣೇಶ, ದಸರಾ, ದೀಪಾವಳಿ ಹಿಂದಿನ ದಿನ ವಿಶೇಷ ಬಸ್ಸು ಬಿಡುತ್ತಾರೆ. ಆಗ ನಿಲ್ಲುವ ಜಾಗವೂ ಬದಲಾಗಬಹುದು.

ಇಲ್ಲಿಂದ ವಿಮಾನ ನಿಲ್ದಾಣಕ್ಕೆ?

ಬಿಎಂಟಿಸಿ ನಿಲ್ದಾಣದಿಂದ ವಾಯುವಜ್ರ ಕೆಐಎ-9 ಹಿಡಿಯಿರಿ. ಲಗೇಜಿಗೆ ಜಾಗ ಇರುತ್ತದೆ, ರಾತ್ರಿಯೂ ಓಡುತ್ತದೆ. ವಿಮಾನ ನಿಲ್ದಾಣದ ಹತ್ತಿರ 2021ರಿಂದ ರೈಲು ಹಾಲ್ಟ್ ಒಂದು ಇದೆ. ಆದರೆ ರೈಲುಗಳು ಕಡಿಮೆ, ವಿಮಾನದ ಸಮಯಕ್ಕೆ ಹೊಂದುವುದು ಕಷ್ಟ. ಬಸ್ಸನ್ನೇ ನಂಬಿ.

ದೊಡ್ಡ ಲಗೇಜ್ ಇದ್ದರೆ ಮೆಟ್ರೋದಲ್ಲಿ ಬಿಡುತ್ತಾರಾ?

ಸಾಧಾರಣ ಸೂಟ್‌ಕೇಸಿಗೆ ತೊಂದರೆ ಇಲ್ಲ. ತೀರಾ ದೊಡ್ಡದಾದರೆ ಬೇರೆ ಶುಲ್ಕ ಕೇಳಬಹುದು. ಎಲ್ಲ ಬ್ಯಾಗೂ ಸ್ಕ್ಯಾನರಿನೊಳಗೆ ಹೋಗಲೇಬೇಕು. ದಿನವಿಡೀ ಊರಲ್ಲಿ ಕೆಲಸ ಇದ್ದು ರಾತ್ರಿ ರೈಲು ಹಿಡಿಯುವವರು ರೈಲು ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಬ್ಯಾಗ್ ಇಡಬಹುದು. ಬ್ಯಾಗಿಗೆ ಬೀಗ ಇರಲಿ, ಪ್ರಯಾಣದ ಟಿಕೆಟ್ ಕೈಯಲ್ಲಿರಲಿ.

ಆಟೋದವರು ಜಾಸ್ತಿ ಕೇಳಿದರೆ?

ಮೊದಲು ಪ್ರೀಪೇಯ್ಡ್ ಕೌಂಟರ್ ಹುಡುಕಿ. 2025ರ ಆಗಸ್ಟ್ 1ರಿಂದ ಬೆಂಗಳೂರಿನಲ್ಲಿ ಆಟೋ ಮೀಟರ್ ದರ ಮೊದಲ 2 ಕಿ.ಮೀ.ಗೆ ₹36, ಆಮೇಲೆ ಪ್ರತಿ ಕಿ.ಮೀ.ಗೆ ₹18. ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಒಂದೂವರೆ ಪಟ್ಟು. ಬಾಗಿಲಲ್ಲೇ ಬಂದು ಬ್ಯಾಗಿಗೆ ಕೈ ಹಾಕುವವರ ಜೊತೆ ಹೋಗಬೇಡಿ. "ಬೇಡಣ್ಣ" ಅಂತ ಒಂದು ಮಾತು ಹೇಳಿ ಮುಂದೆ ನಡೆಯಿರಿ. ಮನೆ ದೂರ ಇದ್ದರೆ ಮೆಟ್ರೋದಲ್ಲಿ ಹತ್ತಿರದ ನಿಲ್ದಾಣದವರೆಗೆ ಹೋಗಿ ಅಲ್ಲಿಂದ ಆಟೋ ಹಿಡಿದರೆ ಖರ್ಚು ಎಷ್ಟೋ ಕಡಿಮೆ.

ಒಂದರಿಂದ ಇನ್ನೊಂದಕ್ಕೆ ಬದಲಾಯಿಸಲು ಎಷ್ಟು ಸಮಯ ಇಟ್ಟುಕೊಳ್ಳಬೇಕು?

ಮೆಟ್ರೋದಿಂದ ಇಳಿದು ರೈಲು ಹತ್ತುವುದಕ್ಕೆ ಕನಿಷ್ಠ ಅರ್ಧ ಗಂಟೆ. ಹಿರಿಯರಿದ್ದರೆ, ಮಕ್ಕಳಿದ್ದರೆ, ಹಬ್ಬದ ಸಮಯವಾದರೆ ಒಂದು ಗಂಟೆ. ಸಿಟಿ ಬಸ್ಸಿನಲ್ಲಿ ಬರುವವರು ಇನ್ನೂ ಜಾಸ್ತಿ ಇಟ್ಟುಕೊಳ್ಳಿ, ಯಾಕೆಂದರೆ ಬಸ್ಸು ಮೆಜೆಸ್ಟಿಕ್ ಮುಟ್ಟಿದ ಮೇಲೂ ಒಳಗೆ ಬಂದು ನಿಲ್ಲುವುದಕ್ಕೇ ಹೊತ್ತು ಹಿಡಿಯುತ್ತದೆ. ಸಂಜೆ ಐದರಿಂದ ಎಂಟರವರೆಗೆ ಯಾವ ಲೆಕ್ಕವೂ ನಡೆಯುವುದಿಲ್ಲ.

ವಯಸ್ಸಾದವರನ್ನು ಒಬ್ಬರೇ ಕಳಿಸಬಹುದಾ?

ಕಳಿಸಬಹುದು, ಆದರೆ ದಾರಿಯನ್ನು ಬರೆದು ಕೊಡಿ. ಫೋನಿನ ಚಾರ್ಜು ಮುಗಿಯುತ್ತದೆ, ಚೀಟಿ ಮುಗಿಯುವುದಿಲ್ಲ. ಚೀಟಿಯಲ್ಲಿ ಮೂರೇ ವಿಷಯ ಸಾಕು: ಯಾವ ಬಣ್ಣದ ಮಾರ್ಗ, ಯಾವ ಕೊನೆಯ ನಿಲ್ದಾಣದ ಕಡೆ, ಎಲ್ಲಿ ಇಳಿಯಬೇಕು. ಮೆಟ್ರೋದಲ್ಲಿ ಲಿಫ್ಟ್ ಇದೆ, ಕೇಳಿದರೆ ಸಿಬ್ಬಂದಿ ತೋರಿಸುತ್ತಾರೆ. ಎಸ್ಕಲೇಟರ್ ಅಭ್ಯಾಸ ಇಲ್ಲದವರಿಗೆ, ಸೀರೆ ಉಟ್ಟವರಿಗೆ ಲಿಫ್ಟೇ ಒಳ್ಳೆಯದು. ನಡೆಯಲು ಆಗದವರಿಗೆ ರೈಲು ನಿಲ್ದಾಣದಲ್ಲಿ ಗಾಲಿಕುರ್ಚಿ ಕೇಳಿ. ರೈಲಿನ ವಿಷಯಕ್ಕೆ ಸಹಾಯವಾಣಿ 139, ತುರ್ತಿಗೆ 112.

ಮುಂದೆ ಇಲ್ಲಿ ಏನೆಲ್ಲ ಬರಲಿದೆ?

ಮುಖ್ಯವಾದದ್ದು ಉಪನಗರ ರೈಲು. ನಾಲ್ಕು ಮಾರ್ಗ, ಒಟ್ಟು ಸುಮಾರು 148 ಕಿ.ಮೀ. ಕೇಂದ್ರ ಸಂಪುಟ ಒಪ್ಪಿದ್ದು 2020ರ ಅಕ್ಟೋಬರ್‌ನಲ್ಲಿ, ಶಂಕುಸ್ಥಾಪನೆ ಆದದ್ದು 2022ರ ಜೂನ್‌ನಲ್ಲಿ. ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಹೂವಿನ ಹೆಸರಿಟ್ಟಿದ್ದಾರೆ. ಮೆಜೆಸ್ಟಿಕ್‌ನಿಂದ ದೇವನಹಳ್ಳಿಗೆ ಹೋಗುವುದು ಸಂಪಿಗೆ. ಅದು ಬಂದ ದಿನ ಮೇಲೆ ವಿಮಾನ ನಿಲ್ದಾಣದ ಬಗ್ಗೆ ಕೊಟ್ಟ ಉತ್ತರವನ್ನು ಪೂರ್ತಿ ಬದಲಾಯಿಸಬೇಕಾಗುತ್ತದೆ. ಕೆಲಸ ಬೇಗ ಮುಗಿಯಲಿ ಅಂತ ಕಾಯುತ್ತಿರುವವರಲ್ಲಿ ನಾನೂ ಒಬ್ಬ.

ಊರಿಂದ ಬರುವವರನ್ನು ಎಲ್ಲಿ ಭೇಟಿಯಾಗುವುದು ಒಳ್ಳೆಯದು?

"ಮೆಜೆಸ್ಟಿಕ್‌ನಲ್ಲಿ ಸಿಗೋಣ" ಅನ್ನಬೇಡಿ. ಅಷ್ಟು ದೊಡ್ಡ ಜಾಗದಲ್ಲಿ ಇಬ್ಬರೂ ಫೋನ್ ಹಿಡಿದು "ಎಲ್ಲಿದ್ದೀರಾ, ಕಾಣ್ತಾ ಇಲ್ಲ" ಅನ್ನುತ್ತಾ ಸುತ್ತಬೇಕಾಗುತ್ತದೆ. ರೈಲಿನಲ್ಲಿ ಬರುವವರಿಗೆ ಇಳಿದ ಬೋಗಿಯ ಎದುರೇ ನಿಲ್ಲಲು ಹೇಳಿ, ಬೋಗಿ ನಂಬರ್ ಕೇಳಿಕೊಂಡು ನೀವೇ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದು ಒಳಗೆ ಹೋಗಿ. ಬಸ್ಸಿನಲ್ಲಿ ಬರುವವರಿಗೆ ಇಳಿದ ಟರ್ಮಿನಲ್‌ನ ವಿಚಾರಣೆ ಕೌಂಟರ್ ಹತ್ತಿರ ಇರಲು ಹೇಳಿ. ಮೆಟ್ರೋದಲ್ಲಿ ಬರುವವರಾದರೆ ಗೇಟು ದಾಟುವ ಮುಂಚೆಯೇ ಫೋನ್ ಮಾಡಲಿ, ಹೊರಗೆ ಬರುವ ದಾರಿಗಳು ಬೇರೆ ಬೇರೆ ಕಡೆ ತೆರೆದುಕೊಳ್ಳುತ್ತವೆ. ಅವರು ನಿಂತ ಜಾಗದಿಂದ ಕದಲದಿರಲಿ, ಹುಡುಕಿಕೊಂಡು ನೀವೇ ಹೋಗಿ.